ಅಮ್ಮನ ಅವರೆ ಬೀಜ 43 ಮಾತ್ರ ಉಳಿದಿದೆ, ದಾರಿ ಹೇಳಿ

ಆಲೂರು ಹಿತ್ತಲು (ಜೂನ್ 12)
ಎಲ್ಲರಿಗೂ ನಮಸ್ಕಾರ. ನಾನಿರುವುದು ಹಾಸನ ಜಿಲ್ಲೆಯ ಆಲೂರಿನ ಹತ್ತಿರ. ತವರು ಹಳ್ಳಿಮೈಸೂರಿನ ಕಡೆ. ನಮ್ಮಮ್ಮ ರಾಗಿ ಹೊಲದ ಅಕ್ಕಡಿ ಸಾಲಿಗೆ (ರಾಗಿ ನಡುವೆ ಬೇರೆ ಕಾಳು ಬಿತ್ತುವ ಸಾಲು) ಒಂದು ಅವರೆ ಹಾಕುತ್ತಿದ್ದರು. ಮನೆಯಲ್ಲಿ ಅದಕ್ಕೆ ಕೆಂಪವರೆ ಅಂತಲೇ ಹೆಸರು. ಒಣಗಿದ ಕಾಳು ಇಟ್ಟಿಗೆ ಬಣ್ಣ, ಕಣ್ಣಿನ ಪಟ್ಟೆ ಮಾತ್ರ ಬಿಳಿ. ಹೂವು ನೇರಳೆ. ಕಾಯಿಯ ಅಂಚಿನಲ್ಲೂ ನೇರಳೆ ಗೆರೆ. ಸುಲಿದ ಕೈಯನ್ನು ಸೋಪು ಹಾಕಿ ತೊಳೆದರೂ ರಾತ್ರಿವರೆಗೆ ಸೊಗಡು ಹೋಗುತ್ತಿರಲಿಲ್ಲ.

ಅಮ್ಮ ಹೋಗಿ ಎರಡು ವರ್ಷವಾಯಿತು. ತಿಥಿಗೆ ಹೋದಾಗ ಒಂದು ಸೇರು ಬೀಜ ತಂದು ಪ್ಲಾಸ್ಟಿಕ್ ಡಬ್ಬದಲ್ಲಿ ಇಟ್ಟಿದ್ದೆ. ಮೊನ್ನೆ ತೆರೆದರೆ ಹುಳ ಬಿದ್ದು ಎಲ್ಲ ಹಿಟ್ಟಾಗಿದೆ. ಜರಡಿ ಹಿಡಿದು ಒಂದೊಂದೇ ಆರಿಸಿದೆ. ತೂತಿಲ್ಲದ ಕಾಳು 43. ತೂತು ಬಿದ್ದದ್ದು ಒಂದು ಹಿಡಿ. ಅವತ್ತು ಊಟ ಸೇರಲಿಲ್ಲ ನನಗೆ.

ತವರಿನ ಹೊಲದಲ್ಲಿ ಈಗ ಶುಂಠಿ. ಅಣ್ಣನ ಮನೆಯಲ್ಲೂ ಬೀಜ ಇಲ್ಲ. 43ನ್ನೂ ಈ ವರ್ಷವೇ ಹಾಕಿಬಿಡಲಾ? ತೂತು ಬಿದ್ದ ಕಾಳು ಹುಟ್ಟುತ್ತದಾ? ನಿಮ್ಮಲ್ಲಿ ಯಾರ ಹತ್ತಿರವಾದರೂ ಇಂಥ ಅವರೆ ಇದೆಯಾ?

ಅರಸೀಕೆರೆ ರಾಗಿಹೊಲ
ಅಕ್ಕ, ಎಲ್ಲವನ್ನೂ ಒಂದೇ ಸಲ ನೆಲಕ್ಕೆ ಹಾಕಬೇಡಿ. 25 ಹಾಕಿ, 18 ಇಟ್ಟುಕೊಳ್ಳಿ. ಒಂದು ಜೋರು ಮಳೆ ಬಂದರೆ, ಒಂದು ರಾತ್ರಿ ಹಂದಿ ನುಗ್ಗಿದರೆ ಮುಗಿಯಿತು.

ಈಗಲೇ ಹಾಕಲೂಬೇಡಿ. ಹಳೆಯ ಅವರೆ ಹಗಲು ಗಿಡ್ಡವಾದ ಮೇಲೇ ಹೂ ಬಿಡುವುದು. ಜೂನ್‌ನಲ್ಲಿ ಹಾಕಿದರೂ ಆಗಸ್ಟ್‌ನಲ್ಲಿ ಹಾಕಿದರೂ ಹೂ ಬರುವುದು ಅಕ್ಟೋಬರ್ ಕೊನೆ, ನವೆಂಬರಿಗೇ. ಈಗ ಹಾಕಿದರೆ ಸುಮ್ನೆ ಬಳ್ಳಿ ಹಬ್ಬುತ್ತದೆ ಅಷ್ಟೆ.

ಕೂರಿಗೆ ಸಡ್ಡೆ
ಅಣ್ಣ, ನಮ್ಮಪ್ಪ ರಾಗಿ ಜೊತೆಗೇ ಬಿತ್ತುತ್ತಿದ್ದರು. ಕೂರಿಗೆ ಹಿಂದೆ ಸಡ್ಡೆ (ಬೀಜ ಬಿಡುವ ಕೊಳವೆ) ಕಟ್ಟಿ ಅಮ್ಮ ಅವರೆ ಬಿಟ್ಟುಕೊಂಡು ಹೋಗುತ್ತಿದ್ದರು. ಬೇರೆಯಾಗಿ ಯಾರೂ ಕಾಯುತ್ತಿರಲಿಲ್ಲ. ನೀವು ಹೇಳುವ ಲೆಕ್ಕ ನಮ್ಮ ಹೊಲದಲ್ಲಿ ನಾನು ಕಂಡಿಲ್ಲ.

ಅರಸೀಕೆರೆ ರಾಗಿಹೊಲ
ರಾಗಿ ಜೊತೆ ಹಾಕಿದರೆ ರಾಗಿಯೇ ಅದನ್ನು ಅದುಮಿ ಇಡುತ್ತದೆ. ರಾಗಿ ಕೊಯ್ದ ಮೇಲೆ ಬೆಳಕು ಸಿಕ್ಕಿ, ಇಬ್ಬನಿ ಕುಡಿದು ಅವರೆ ಮೇಲೇಳುತ್ತದೆ. ಹಿತ್ತಲಲ್ಲಿ ಒಂಟಿಯಾಗಿ ಹಾಕಿದರೆ ಹಾಗಲ್ಲ. ಅದೂ ಆಲೂರಿನ ಜುಲೈ ಮಳೆಗೆ ಬುಡ ಕೊಳೆಯುತ್ತದೆ. ಅರಸೀಕೆರೆ ಬೇರೆ, ಆಲೂರು ಬೇರೆ. ನಾನು ಹೇಳಿದ್ದು ಅಕ್ಕನ ಜಾಗಕ್ಕೆ.

ಕೂರಿಗೆ ಸಡ್ಡೆ
ಹಾಗಾದರೆ ಸರಿ. ಏರು ಮಡಿ ಮಾಡಿ, ಜುಲೈ ಕೊನೆಯ ಪುಷ್ಯ ಮಳೆ ಕಳೆದ ಮೇಲೆ ಹಾಕಲಿ.

ಜಯನಗರ ತಾರಸಿ
ಬೀಜ ಫ್ರೀಜರ್‌ಗೆ ಹಾಕಿ. ಹುಳ ಸಾಯುತ್ತದೆ.

ಬೇಲೂರು ನಿವೃತ್ತ ಮೇಷ್ಟ್ರು
ತಾರಸಿಯವರೇ, ಪೂರ್ತಿ ಹೇಳಿ. ಹಸಿ ಇರುವ ಬೀಜ ಫ್ರೀಜರ್‌ಗೆ ಹಾಕಿದರೆ ಹುಳದ ಜೊತೆ ಬೀಜವೂ ಸಾಯುತ್ತದೆ. ಮೊದಲು ಒಂದು ತೂತು ಕಾಳನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಹೊಡೆದು ನೋಡಬೇಕು. ಚೂರುಚೂರಾದರೆ ಒಣಗಿದೆ. ಚಪ್ಪಟೆಯಾಗಿ ಕೂತರೆ ಇನ್ನೂ ತೇವ ಇದೆ. ಒಣಗಿದ್ದರೆ ಗಾಳಿ ಆಡದ ಗಾಜಿನ ಬಾಟಲಿಯಲ್ಲಿ ಹಾಕಿ ಒಂದು ವಾರ ಇಡಿ. ಹೊರಗೆ ತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ. ಒಂದು ದಿನ ಹಾಗೇ ಬಿಡಿ. ಇಲ್ಲದಿದ್ದರೆ ತಣ್ಣನೆಯ ಕಾಳಿನ ಮೇಲೆ ನೀರು ಕಟ್ಟುತ್ತದೆ.

ತಂಗಿ, 43 ಕಾಳಿನ ಮೈಯನ್ನೂ ಬೆಳಕಿಗೆ ಹಿಡಿದು ನೋಡಿ. ಬಿಳಿ ಚುಕ್ಕೆ ಅಂಟಿಕೊಂಡಿದ್ದರೆ ಅದು ಹುಳದ ಮೊಟ್ಟೆ. ಮರಿ ಒಳಗೆ ಕೊರೆದುಕೊಂಡು ಕೂತಿರುತ್ತದೆ. ದೊಡ್ಡದಾಗಿ ಹೊರಗೆ ಬಂದಾಗಲೇ ನಮಗೆ ತೂತು ಕಾಣುವುದು. ಅಂದರೆ ತೂತಿಲ್ಲದ ಕಾಳೆಲ್ಲ ಗಟ್ಟಿ ಅಂತ ಲೆಕ್ಕ ಹಿಡಿಯಬೇಡಿ.

ಇನ್ನೊಂದು ಮಾತು. ಈ ಹುಳ ನಿಮ್ಮ ಡಬ್ಬದಲ್ಲಿ ಹುಟ್ಟಿದ್ದಲ್ಲ. ಹೊಲದಲ್ಲಿ ಕಾಯಿ ಒಣಗುವಾಗಲೇ ಮೊಟ್ಟೆ ಇಟ್ಟಿರುತ್ತದೆ. ಕಾಳಿನ ಜೊತೆ ಮನೆಗೆ ಬರುತ್ತದೆ. ಆದ್ದರಿಂದ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಆಲೂರು ಹಿತ್ತಲು
ಮೇಷ್ಟ್ರೇ, ಕೊನೆಯ ಮಾತು ಓದಿ ಸಮಾಧಾನ ಆಯಿತು. ಈಗ ನೋಡಿದೆ. 6 ಕಾಳಿನ ಮೇಲೆ ಚುಕ್ಕೆ ಇದೆ. 43 ಅಲ್ಲ, 37.

ಬೇಲೂರು ನಿವೃತ್ತ ಮೇಷ್ಟ್ರು
ಆ 6 ಎಸೆಯಬೇಡಿ. ತೂತು ಕಾಳಿನ ಜೊತೆ ಹಾಕಿ. ಕಣ್ಣಿನ ಹತ್ತಿರ ಇರುವ ಮೊಳಕೆ ಭಾಗ ಉಳಿದಿದ್ದರೆ ತೂತು ಕಾಳೂ ಹುಟ್ಟುತ್ತದೆ. ಸಸಿ ಸ್ವಲ್ಪ ಬಡಕಲು ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ, ಮೊಳಕೆ ಬಂದದ್ದನ್ನು ಕೈಯಲ್ಲಿ ನೆಡಿ.

ಸಂತೆ ಲೆಕ್ಕ
ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು ಕೇಳುತ್ತೇನೆ. ಇಷ್ಟು ಕಷ್ಟ ಯಾಕೆ? ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಕೊಟ್ಟಿದ್ದಾರೆ. ಯಾವ ತಿಂಗಳು ಹಾಕಿದರೂ ಹೂ ಬಿಡುತ್ತದೆ. ಗಿಡ ಕುಳ್ಳು, ಚಪ್ಪರ ಬೇಡ. ನಾನು ಬೇಸಿಗೆಯಲ್ಲೂ ಕಾಯಿ ಮಾರಿದ್ದೇನೆ. ಹಳೆಯದನ್ನು ಹಿಡಿದುಕೊಂಡು ಕೂತರೆ ಹೊಟ್ಟೆ ತುಂಬಬೇಕಲ್ಲ.

ಅರಸೀಕೆರೆ ರಾಗಿಹೊಲ
ನಾನೂ ಹೆಬ್ಬಾಳ ಅವರೆ ಹಾಕುತ್ತೇನೆ, ಸುಳ್ಳು ಹೇಳುವುದಿಲ್ಲ. ದುಡ್ಡು ಆಗುತ್ತದೆ. ಆದರೆ ಮನೆಗೆ ಅಂತ ಒಂದು ಸಾಲು ಹಳೆಯದು ಇದ್ದೇ ಇರುತ್ತದೆ. ಸೊಗಡೇ ಇಲ್ಲದ ಕಾಯನ್ನು ನಮ್ಮ ಮನೆಯಲ್ಲಿ ಮೂಸಿಯೂ ನೋಡುವುದಿಲ್ಲ.

ಸಂತೆ ಲೆಕ್ಕ
ಸೊಗಡು ಚಳಿಯಿಂದ ಬರುವುದು. ಬೇಸಿಗೆಯಲ್ಲಿ ಯಾವ ಅವರೆಗೂ ಸೊಗಡಿಲ್ಲ.

ಬೇಲೂರು ನಿವೃತ್ತ ಮೇಷ್ಟ್ರು
ಇಬ್ಬರೂ ಅರ್ಧರ್ಧ ಸರಿ. ಸೊಗಡು ಇರುವುದು ಕಾಯಿಯ ಸಿಪ್ಪೆಯ ಮೇಲಿನ ಎಣ್ಣೆಯಂಥ ಜಿಡ್ಡಿನಲ್ಲಿ. ತಳಿಯಿಂದ ತಳಿಗೆ ಅದು ಹೆಚ್ಚು ಕಡಿಮೆ. ಇಬ್ಬನಿ ಬಿದ್ದ ಕಾಲದಲ್ಲಿ ಜಾಸ್ತಿ ಅನ್ನುವುದು ನಮ್ಮ ಕಡೆ ಎಲ್ಲರ ಅನುಭವ. ಸಂತೆಯವರೇ, ಇನ್ನೊಂದು ಯೋಚಿಸಿ. ಹೊಸ ತಳಿ ಮಾಡುವವರು ಎಲ್ಲಿಂದ ಮಾಡುತ್ತಾರೆ? ಊರೂರಿನ ಹಳೆಯ ಅವರೆಯನ್ನು ಸೇರಿಸಿ ತಾನೇ? ಹಳೆಯದು ಹೋದರೆ ನಾಳೆ ಅವರ ಕೈಯೂ ಖಾಲಿ.

ಸಂತೆ ಲೆಕ್ಕ
ಅದು ಒಪ್ಪಿದೆ.

ಮೂಡಿಗೆರೆ ಕಾಫಿತೋಟ
ನಮ್ಮ ಕಡೆ ಹೊಲದ ಅವರೆ ಆಗುವುದಿಲ್ಲ. ಮಳೆಗೆ ಕೊಳೆಯುತ್ತದೆ. ಚಪ್ಪರದವರೆ ಮಾತ್ರ. ಅತ್ತೆ ಅದನ್ನು ಹಾಲುವಾಣದ ಮರಕ್ಕೆ ಹಬ್ಬಿಸುತ್ತಾರೆ. ಎಳೆಯ ಕಾಯಿ ಸಿಪ್ಪೆ ಸಮೇತ ಪಲ್ಯ. ಬಿಳಿ, ಹಸಿರು, ನೇರಳೆ, ಹೀಗೆ ಮೂರು ಬಗೆ ಇತ್ತು. ಈಗ ನೇರಳೆ ಒಂದೇ. ಮೇಲಿನ ಕೊಂಬೆಯದು ಮಂಗನಿಗೆ, ಕೆಳಗಿನದು ನಮಗೆ. ನೇರಳೆ ಬೀಜ ಬೇಕಾದವರಿಗೆ ಜನವರಿಯಲ್ಲಿ ಕೊಡುತ್ತೇನೆ. ಬದಲಿಗೆ ಬಿಳಿಯದು ಯಾರಾದರೂ ಕೊಡಿ.

ಜೊತೆಗೆ ನಾಟಿ ಬೀನ್ಸ್ ಕೂಡ ಇದೆ. ಕಾಳಿನ ಮೇಲೆ ಕಪ್ಪು ಚುಕ್ಕೆ. ನಾರು ಇಲ್ಲ.

ಕೂರಿಗೆ ಸಡ್ಡೆ
ಬೀನ್ಸ್ ಹೇಗೆ ನಾಟಿ ಆಗುತ್ತದೆ? ಅದು ಅಮೆರಿಕದಿಂದ ಬಂದದ್ದು. ನಾಟಿ ಅಂದರೆ ಅವರೆ, ಹುರುಳಿ, ತೊಗರಿ.

ಮೂಡಿಗೆರೆ ಕಾಫಿತೋಟ
ಮೆಣಸಿನಕಾಯಿ ಎಲ್ಲಿಯದು? ಹಾಸನದ ಆಲೂಗಡ್ಡೆ ಎಲ್ಲಿಯದು? ಅವೂ ಅಮೆರಿಕದವೇ. ಈ ಬೀನ್ಸ್ ನಮ್ಮ ಅತ್ತೆಯ ಅತ್ತೆ ಕಾಲದಿಂದ ಮೂಡಿಗೆರೆ ಮಳೆ ತಿಂದುಕೊಂಡು ಬಂದಿದೆ. ಪ್ರತಿವರ್ಷ ಮಳೆ ತಡೆದ ಗಿಡದ ಬೀಜವನ್ನೇ ಆರಿಸಿ ಇಟ್ಟಿದ್ದಾರೆ. ಪೇಟೆಯ ಪ್ಯಾಕೆಟ್ ಬೀನ್ಸ್ ಜುಲೈ ದಾಟುವುದಿಲ್ಲ, ಇದು ದಾಟುತ್ತದೆ. ಇದನ್ನು ನಾಟಿ ಅನ್ನದೆ ಏನನ್ನಲಿ?

ಬೇಲೂರು ನಿವೃತ್ತ ಮೇಷ್ಟ್ರು
ಅವರೆಯ ಕಾಡು ಮೂಲವೂ ಆಫ್ರಿಕಾ ಅನ್ನುತ್ತಾರೆ. ಸಾವಿರಾರು ವರ್ಷ ಹಿಂದೆಯೇ ಇಲ್ಲಿಗೆ ಬಂದು ನಮ್ಮದಾಯಿತು. ಹುರುಳಿ ಮಾತ್ರ ದಕ್ಷಿಣ ಭಾರತದ್ದೇ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ನವಶಿಲಾಯುಗದ ನೆಲೆಯಲ್ಲಿ ಸುಟ್ಟ ಹುರುಳಿ ಕಾಳು ಸಿಕ್ಕಿದೆ.

ಕೂರಿಗೆ ಸಡ್ಡೆ
ಅವರೆ ಆಫ್ರಿಕಾದ್ದು ಅಂದರೆ ನಮ್ಮಜ್ಜಿ ಒಪ್ಪುವುದಿಲ್ಲ. ಆದರೆ ಕಾಫಿತೋಟದ ಅಕ್ಕನ ಮಾತು ಸರಿ. ಆ ಬೀನ್ಸ್ ನನಗೂ 10 ಕಾಳು ಬೇಕು.

ಜಯನಗರ ತಾರಸಿ
ನಾನು ಕಳೆದ ವರ್ಷ ಆನ್‌ಲೈನ್‌ನಲ್ಲಿ ನಾಟಿ ಅವರೆ ಅಂತ ಪ್ಯಾಕೆಟ್ ತರಿಸಿದೆ. 120 ರೂಪಾಯಿಗೆ 15 ಕಾಳು. ಮೂರು ತಿಂಗಳು ನೀರು ಹಾಕಿದೆ. ಬಂದದ್ದು ಅಲಸಂದೆ. ಕೇಳಿದರೆ ಉತ್ತರವೇ ಇಲ್ಲ. ದುಡ್ಡಿಗಿಂತ ಒಂದು ವರ್ಷ ಹೋಯಿತಲ್ಲ ಅನ್ನುವುದೇ ನೋವು.

ಬಾಣಾವರ ಬಯಲು
ಅವರೆ ಬೀಜಕ್ಕೂ ಅಲಸಂದೆ ಬೀಜಕ್ಕೂ ವ್ಯತ್ಯಾಸ ಕಣ್ಣಲ್ಲೇ ಗೊತ್ತಾಗುತ್ತದೆ. ಅವರೆಯ ಕಣ್ಣು ಉದ್ದದ ಬಿಳಿ ಪಟ್ಟೆ, ಅಂಚಿನಲ್ಲಿ ಉಬ್ಬಿಕೊಂಡಿರುತ್ತದೆ. ಅಲಸಂದೆಯದು ಹೊಟ್ಟೆಯ ಮಧ್ಯೆ ಚಿಕ್ಕ ಚುಕ್ಕೆ. ಮುಂದಿನ ಸಲ ನೆಡುವ ಮೊದಲು ಫೋಟೋ ಹಾಕಿ, ನಾವು ಹೇಳುತ್ತೇವೆ.

ಹೊಸಬ ಕಡೂರು
ಒಂದು ಅನುಮಾನ. ಹೀಗೆ ಬೀಜ ಹಂಚುವುದು ಕಾನೂನಿನಲ್ಲಿ ತಪ್ಪು ಅಂತ ಒಬ್ಬರು ಹೆದರಿಸಿದರು. ನಿಜವೇ?

ಬೇಲೂರು ನಿವೃತ್ತ ಮೇಷ್ಟ್ರು
ತಪ್ಪಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯ 39ನೇ ಕಲಂ ನೋಡಿ. ರೈತ ತಾನು ಬೆಳೆದ ಬೀಜ ಉಳಿಸಬಹುದು, ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಹಂಚಬಹುದು, ಮಾರಲೂಬಹುದು. ಕಾಯ್ದೆಯಲ್ಲಿ ನೋಂದಾಯಿಸಿ ರಕ್ಷಣೆ ಪಡೆದ ತಳಿಯನ್ನು ಬ್ರ್ಯಾಂಡ್ ಹೆಸರು ಹಾಕಿ, ಪ್ಯಾಕೆಟ್ ಮಾಡಿ ಮಾರುವಂತಿಲ್ಲ, ಅಷ್ಟೆ. ಅಮ್ಮನ ಅವರೆ ಕೊಡಲು ಯಾರ ಅಪ್ಪಣೆಯೂ ಬೇಡ.

ಕೊಣನೂರು ಸೊಸೆ
ಆಲೂರಿನ ಅಕ್ಕ, ನಮ್ಮತ್ತೆ ಹತ್ತಿರ ಇಟ್ಟಿಗೆ ಬಣ್ಣದ ಅವರೆ ಇದೆ! ಸೊಗಡೂ ಜೋರು. ಆದರೆ ಹೂವು ಬಿಳಿ. ಕಾಯಿಯ ಅಂಚು ಪೂರಾ ಹಸಿರು.

ಆಲೂರು ಹಿತ್ತಲು
ಓದಿ ಎದೆ ಹಾರಿತು. ಆದರೆ ನಮ್ಮದರ ಹೂವು ಖಂಡಿತ ನೇರಳೆ. ಅಮ್ಮ ದೇವರಿಗೆ ಇಡುತ್ತಿದ್ದರು, ಮರೆಯುವುದು ಸಾಧ್ಯವಿಲ್ಲ.

ಬಾಣಾವರ ಬಯಲು
ಹೂವಿನ ಬಣ್ಣ ಬೇರೆ ಆದರೆ ತಳಿ ಬೇರೆಯೇ. ಎರಡನ್ನೂ ಅಕ್ಕಪಕ್ಕ ಹಾಕಬೇಡಿ. ಜೇನು, ದುಂಬಿ ಬೆರೆಸಿಬಿಡುತ್ತವೆ.

ಅರಸೀಕೆರೆ ರಾಗಿಹೊಲ
ಅಷ್ಟು ಹೆದರಬೇಕಿಲ್ಲ. ಅವರೆ ಹೂವು ಬಹುಪಾಲು ತನ್ನೊಳಗೇ ಕಾಯಿ ಕಟ್ಟಿಕೊಳ್ಳುತ್ತದೆ. ತೊಗರಿ ಥರ ಸಿಕ್ಕಾಪಟ್ಟೆ ಬೆರೆಯುವುದಿಲ್ಲ.

ಬಾಣಾವರ ಬಯಲು
ಬಹುಪಾಲು ಅಂದಿರಲ್ಲ, ಉಳಿದ ಪಾಲು? 37 ಕಾಳಿನಲ್ಲಿ ಎರಡು ಬೆರೆತರೂ ನಷ್ಟವೇ. ನಮ್ಮ ಹೊಲದಲ್ಲಿ ಬಿಳಿ ಅವರೆ ಪಕ್ಕ ಕರಿ ಅವರೆ ಹಾಕಿ ಮೂರು ವರ್ಷಕ್ಕೆ ಎರಡೂ ಕೆಟ್ಟವು. ಮೊದಲ ವರ್ಷ ಕಾಳು ನೋಡಿದರೆ ಏನೂ ಗೊತ್ತಾಗಲಿಲ್ಲ. ಎರಡನೇ ವರ್ಷ ಹೂ ಬಿಟ್ಟಾಗಲೇ ಗೊತ್ತಾಗಿದ್ದು.

ಅರಸೀಕೆರೆ ರಾಗಿಹೊಲ
ಕಡಿಮೆ ಬೀಜ ಇದ್ದಾಗ ನಿಮ್ಮ ಮಾತೇ ಸರಿ. ಅಕ್ಕ, ನಿಮ್ಮದನ್ನು ಒಂಟಿಯಾಗಿ ಹಾಕಿ. ಬೀಜಕ್ಕೆ ಬಿಟ್ಟ ಬಳ್ಳಿಗೆ ದಾರ ಕಟ್ಟಿ. ಅದರಿಂದ ಒಂದು ಕಾಯಿಯೂ ಸಾರಿಗೆ ಕೀಳಬೇಡಿ. ಎಲೆ ಮುದುಡಿ ಹಳದಿ ಮಚ್ಚೆ ಬಂದ ಗಿಡ ಕಂಡರೆ ಬೇರು ಸಮೇತ ಕಿತ್ತುಹಾಕಿ.

ಕಟ್ಟಾಯ ಕೆರೆದಂಡೆ
ಎಲ್ಲ ಓದಿದೆ. ನನ್ನದೊಂದು ಮಾತು. ತವರಿನಲ್ಲಿ ಅಣ್ಣನನ್ನು ಕೇಳಿದಿರಿ, ಸರಿ. ನಿಮ್ಮಮ್ಮನ ಹೊಲಕ್ಕೆ ಕಳೆ ಕೀಳಲು, ಅವರೆ ಬಿಡಿಸಲು ಬರುತ್ತಿದ್ದ ಹೆಂಗಸರನ್ನು ಕೇಳಿದಿರಾ? ಆಗೆಲ್ಲ ಕೂಲಿ ಜೊತೆ ಮಡಿಲಿಗೆ ಕಾಳು ಹಾಕುತ್ತಿದ್ದರು. ನಮ್ಮೂರಲ್ಲಿ ಗೌಡರ ಮನೆಯಲ್ಲಿ ಹೋದ ತಳಿ ಕಾಲೊನಿಯ ಹಿತ್ತಲಲ್ಲಿ ಉಳಿದಿದ್ದನ್ನು ನಾನೇ ನೋಡಿದ್ದೇನೆ. ಹೊಲ ಇದ್ದವರು ಜೋಳಕ್ಕೆ ಹೋದರು. ಜೋಳಕ್ಕೆ ಹೊಡೆಯುವ ಅಟ್ರಾಜಿನ್ ಅನ್ನುವ ಕಳೆನಾಶಕ ಅಗಲ ಎಲೆಯ ಕಳೆ ಜೊತೆ ಅವರೆ, ಅಲಸಂದೆಯನ್ನೂ ಸುಡುತ್ತದೆ. ಅಲ್ಲಿಗೆ ಅಕ್ಕಡಿ ಮುಗಿಯಿತು. ಆದರೆ ಗೇಣು ಹಿತ್ತಲು ಇದ್ದವರು ಬೇಲಿಗೆ ಎರಡು ಬಳ್ಳಿ ಹಬ್ಬಿಸಿಕೊಂಡೇ ಇದ್ದರು.

ಆಲೂರು ಹಿತ್ತಲು
ನನಗಿದು ಹೊಳೆದೇ ಇರಲಿಲ್ಲ. ಭಾನುವಾರ ಹೋಗಿ ಬರುತ್ತೇನೆ.

ಜಯನಗರ ತಾರಸಿ
ಮಧ್ಯದಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ಹಿದುಕಿದ ಬೇಳೆಗೆ ಎಷ್ಟು ಹೊತ್ತು ನೆನೆಸಬೇಕು? ನನ್ನದು ಸಿಪ್ಪೆ ಬಿಡುವುದೇ ಇಲ್ಲ.

ಕೊಣನೂರು ಸೊಸೆ
ಹಸಿ ಕಾಳಾದರೆ ಬೆಳಗ್ಗೆ ನೀರಿಗೆ ಹಾಕಿ, ಸಂಜೆಗೆ ಸಿಪ್ಪೆ ಸಡಿಲ ಆಗುತ್ತದೆ. ಒಣ ಕಾಳಾದರೆ ಇಡೀ ರಾತ್ರಿ, ಬೇಕಾದರೆ ಇನ್ನೂ ಅರ್ಧ ದಿನ. ಎರಡು ಬೆರಳಲ್ಲಿ ಹಿಡಿದು ಕಣ್ಣಿನ ಕಡೆಯಿಂದ ಒತ್ತಿ. ಕೊಬ್ಬರಿ, ಗಸಗಸೆ ಹಾಕಿದ ಸಾರು, ಜೊತೆಗೆ ಅಕ್ಕಿರೊಟ್ಟಿ. ಧನುರ್ಮಾಸದಲ್ಲಿ ನಮ್ಮ ಮನೆಯಲ್ಲಿ ವಾರಕ್ಕೆ ಮೂರು ದಿನ ಇದೇ.

ಕೂರಿಗೆ ಸಡ್ಡೆ
ಅಕ್ಕಿರೊಟ್ಟಿ ಅಲ್ಲ, ಮುದ್ದೆ. ಇದರಲ್ಲಿ ನಾನು ಸೋಲುವುದಿಲ್ಲ.

ಹೊಸಬ ಕಡೂರು
ನಮ್ಮ ಹಿತ್ತಲಲ್ಲಿ ಕತ್ತಿಯಂಥ ದೊಡ್ಡ ಕಾಯಿ ಬಿಡುವ ಬಳ್ಳಿ ಇದೆ. ಬಲಿತ ಕಾಳನ್ನು ಹೀಗೇ ಸಾರು ಮಾಡಬಹುದಾ?

ಬಾಣಾವರ ಬಯಲು
ಬೇಡ! ಎಳೆಯ ಕಾಯಿ ಪಲ್ಯಕ್ಕೆ ಸರಿ. ಬಲಿತ ಕಾಳು ನಂಜು. ಬೀಜಕ್ಕೆ ಮಾತ್ರ ಇಡಿ.

ಆಲೂರು ಹಿತ್ತಲು (ಜೂನ್ 23)
ಹೋಗಿ ಬಂದೆ. ಕಟ್ಟಾಯದವರೇ, ನಿಮಗೆ ಹೇಗೆ ಹೇಳಲಿ.

ಅಮ್ಮನ ಜೊತೆ ಇಪ್ಪತ್ತು ವರ್ಷ ಕಳೆ ಕಿತ್ತ ಅಕ್ಕ ಈಗ ಮಗಳ ಮನೆಯಲ್ಲಿ ಇದ್ದಾರೆ. ನನ್ನನ್ನು ನೋಡಿ ಗುರುತು ಹಿಡಿಯಲಿಲ್ಲ. ಅಮ್ಮನ ಹೆಸರು ಹೇಳಿದೆ, ಕೂರಿಸಿದರು. ಕೆಂಪವರೆ ಅಂದೆ. ಒಳಗೆ ಹೋಗಿ ರಾಗಿ ಡಬ್ಬ ಎಳೆದುಕೊಂಡು ಬಂದರು. ಮೊಣಕೈವರೆಗೆ ಕೈ ಹಾಕಿ ತೆಗೆದರು. ಅದೇ ಕಾಳು. ಒಂದಕ್ಕೂ ಹುಳ ಇಲ್ಲ. ರಾಗಿ ಸಣ್ಣ ಕಾಳು, ಸಂದೆಲ್ಲ ತುಂಬಿಕೊಳ್ಳುತ್ತದೆ, ಹುಳಕ್ಕೆ ಓಡಾಡಲು ಜಾಗ ಸಿಗುವುದಿಲ್ಲ ಅಂದರು. ಅವರು ಪ್ರತಿವರ್ಷ ಬೇಲಿಗೆ ನಾಲ್ಕು ಬಳ್ಳಿ ಹಬ್ಬಿಸುತ್ತಾರಂತೆ. ಬೀಜ ಕೊಟ್ಟವಳು ನಿಮ್ಮಮ್ಮ, ನನ್ನದೇನಿದೆ ಅಂದರು. ಅರ್ಧ ಪಾವು ಕೊಟ್ಟರು. ದುಡ್ಡು ಮುಟ್ಟಲಿಲ್ಲ. ಸೀರೆ ತೆಗೆದುಕೊಂಡು ಹೋಗಿದ್ದೆ, ಅದನ್ನು ಇಟ್ಟುಕೊಂಡರು.

ಕಟ್ಟಾಯ ಕೆರೆದಂಡೆ
ಓದಿ ಕಣ್ಣು ಒದ್ದೆಯಾಯಿತು. ಆ ತಾಯಿಗೆ ನನ್ನದೂ ನಮಸ್ಕಾರ ತಿಳಿಸಿ.

ಬೇಲೂರು ನಿವೃತ್ತ ಮೇಷ್ಟ್ರು
ತಂಗಿ, ಈಗ ಒಂದು ಕೆಲಸ ಮಾಡಿ. ಆ ಅರ್ಧ ಪಾವನ್ನು ನೀವೊಬ್ಬರೇ ಇಟ್ಟುಕೊಳ್ಳಬೇಡಿ. ಒಂದು ಹಿಡಿ ಬಯಲು ಸೀಮೆಗೆ ಹೋಗಲಿ, ಒಂದು ಹಿಡಿ ಬೇಲೂರಿಗೆ. ಹಾಸನದ ಕಾರೆಕೆರೆ ಕೃಷಿ ಕಾಲೇಜಿನವರಿಗೂ ತೋರಿಸಿ. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ಇಂಥ ಬೀಜವನ್ನು ಮೈನಸ್ 18 ಡಿಗ್ರಿಯಲ್ಲಿ ಕಾಪಾಡುತ್ತಾರೆ.

ಕೂರಿಗೆ ಸಡ್ಡೆ
ದೆಹಲಿಗೆ ಕಳಿಸಿದರೆ ನಮ್ಮ ಹೊಲಕ್ಕೆ ಏನು ಬಂತು ಮೇಷ್ಟ್ರೇ? ಅದು ಅಲ್ಲಿ ತಣ್ಣಗೆ ಮಲಗಿರುತ್ತದೆ. ಇಲ್ಲಿ ಮಳೆ ಬದಲಾಗುತ್ತಲೇ ಇದೆ. ಬೀಜ ಇಲ್ಲಿಯ ಮಳೆ ನೋಡಬೇಕು.

ಬೇಲೂರು ನಿವೃತ್ತ ಮೇಷ್ಟ್ರು
ಎರಡೂ ಇರಲಿ ಅಂದೆ. ಹೊಲದ್ದು ಹೋದರೆ ಅಲ್ಲಿಯದು ಇರುತ್ತದೆ. ಮೊದಲು ಹೊಲ, ಅದರಲ್ಲಿ ನಿಮಗೂ ನನಗೂ ಜಗಳ ಇಲ್ಲ.

ಸಂತೆ ಲೆಕ್ಕ
ನನಗೂ 10 ಕಾಳು ಕೊಡಿ. ಮಾರಲು ಅಲ್ಲ, ಮನೆಗೆ.

ಆಲೂರು ಹಿತ್ತಲು
ಖಂಡಿತ ಅಣ್ಣ. ವಿಳಾಸ ಇಲ್ಲಿ ಹಾಕಬೇಡಿ, ನನಗೆ ಬೇರೆಯಾಗಿ ಸಂದೇಶ ಕಳಿಸಿ. ಎಂಟು ಮನೆಗೆ ಹತ್ತತ್ತು ಕಾಳು ಕಳಿಸುತ್ತೇನೆ.

ಮೂಡಿಗೆರೆ ಕಾಫಿತೋಟ
ಬರೀ ಕವರಿನಲ್ಲಿ ಹಾಕಬೇಡಿ. ಅಂಚೆಯಲ್ಲಿ ಮುದ್ರೆ ಒತ್ತುವಾಗ ಕಾಳು ಒಡೆಯುತ್ತದೆ. ಬೆಂಕಿಪೊಟ್ಟಣದಲ್ಲಿ ಹತ್ತಿ ಇಟ್ಟು ಹಾಕಿ. ಪ್ಲಾಸ್ಟಿಕ್ ಬೇಡ, ಕಾಗದ ಸುತ್ತಿ. ಮೇಲೆ ಊರು, ಬೆಳೆದ ವರ್ಷ, ಹೂವಿನ ಬಣ್ಣ ಬರೆಯಿರಿ.

ಆಲೂರು ಹಿತ್ತಲು (ನವೆಂಬರ್ 9)
ತುಂಬಾ ದಿನ ಆಯಿತು. ಆಗಸ್ಟ್ ಮೊದಲ ವಾರ ಏರು ಮಡಿಯಲ್ಲಿ ಹಾಕಿದೆ. ಡಬ್ಬದ ಬೀಜ 25ರಲ್ಲಿ 14 ಹುಟ್ಟಿತು. ತೂತು ಕಾಳಿನಲ್ಲಿ 3. ಅಕ್ಕ ಕೊಟ್ಟ 20ರಲ್ಲಿ 19. ಎರಡನ್ನೂ ಬೇರೆ ಬೇರೆ ಸಾಲು ಮಾಡಿದ್ದೇನೆ. ಇವತ್ತು ಬೆಳಗ್ಗೆ ಮೊದಲ ಹೂವು. ನೇರಳೆ.

ಅರಸೀಕೆರೆ ರಾಗಿಹೊಲ
ನಮ್ಮಲ್ಲಿ ನಿಮ್ಮ 10ರಲ್ಲಿ 9 ಬಂದಿದೆ. ಹೂವು ಇನ್ನೂ ಇಲ್ಲ, ಮೊಗ್ಗು ಇದೆ. ಈಗ ಗಿಡಹೇನು ನೋಡಿಕೊಳ್ಳಿ ಅಕ್ಕ, ಮೋಡ ಮುಚ್ಚಿದ ದಿನ ಕುಡಿಗೆ ಕೂರುತ್ತದೆ. ಬೂದಿ ಉದುರಿಸಿ.

ಸಂತೆ ಲೆಕ್ಕ
ನನ್ನದು 10ಕ್ಕೆ 10.

ಕೊಣನೂರು ಸೊಸೆ
ಅತ್ತೆ ಬಿಳಿ ಹೂವಿನದಕ್ಕೂ ಈ ಸಲ ದಾರ ಕಟ್ಟಿದ್ದಾರೆ. ಬೇಕಾದವರು ಹೇಳಿ.

ಆಲೂರು ಹಿತ್ತಲು (ಫೆಬ್ರವರಿ 2)
ದಾರ ಕಟ್ಟಿದ ಬಳ್ಳಿಯಿಂದ ಮುಕ್ಕಾಲು ಸೇರು ಒಣ ಬೀಜ ಆಯಿತು. ಅರ್ಧ ರಾಗಿಯಲ್ಲಿ ಹೂತಿಟ್ಟೆ. ಅರ್ಧಕ್ಕೆ ಅಮ್ಮ ಮಾಡುತ್ತಿದ್ದ ಹಾಗೆ ಕೆಮ್ಮಣ್ಣು ಕಲಸಿ ಹಚ್ಚಿ, ಒಣಗಿಸಿ ಮಡಕೆಗೆ ಹಾಕಿದೆ. ಯಾವುದು ಚೆನ್ನಾಗಿ ಉಳಿಯುತ್ತದೆ ಅಂತ ಮುಂದಿನ ಜೂನ್‌ನಲ್ಲಿ ಇಲ್ಲೇ ಬರೆಯುತ್ತೇನೆ. ನಿನ್ನೆ ಒಂದು ಪಾವು ತೆಗೆದುಕೊಂಡು ಹೋಗಿ ಆ ಅಕ್ಕನಿಗೆ ಕೊಟ್ಟು ಬಂದೆ. ಕೋಳಿ ಕೆದರಿ ಅವರ ಬೇಲಿಯ ಬಳ್ಳಿ ಈ ವರ್ಷ ಪೂರಾ ಹೋಗಿತ್ತಂತೆ.

ಹೊಸಬ ಕಡೂರು
ನನಗೂ 10 ಕಾಳು ಇಡಿ ಅಕ್ಕ. ಡಬ್ಬಕ್ಕೆ ರಾಗಿ ತುಂಬಿಸಿಟ್ಟಿದ್ದೇನೆ.